ಅಮ್ಮ ಕೇಳಿದ ಸಿನಿಮಾಗಳು

ಅಮ್ಮನ ಬಲಗಣ್ಣಿಗೆ ಪೊರೆ ಬಂದಿತ್ತು. ಆಷಾಢದ ಒಂದು ಶನಿವಾರ ತುಮಕೂರಿನಲ್ಲಿ ಆಪರೇಷನ್ ಆಯಿತು. ಒಳಗೆ ಹೋದವಳು 20 ನಿಮಿಷಕ್ಕೆಲ್ಲ ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಹೊರಗೆ ಬಂದಳು. "ಇಷ್ಟೇನಾ?" ಎಂದು ನನ್ನನ್ನೇ ಕೇಳಿದಳು, ಏನೋ ಮೋಸವಾದ ಹಾಗೆ. ಸಂಜೆಯ ಹೊತ್ತಿಗೆ ತಿಪಟೂರಿನ ಮನೆಯಲ್ಲಿದ್ದೆವು. ನಾನು ಬೆಂಗಳೂರಿನ ಆಫೀಸಿಗೆ ಒಂದು ವಾರ ರಜೆ ಹಾಕಿದ್ದೆ. ಎರಡು ತರದ ಡ್ರಾಪ್ಸ್ ಇದ್ದವು, ದಿನಕ್ಕೆ ಆರು ಸಲ. ಒಂದು ಹಾಕಿ ಹತ್ತು ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು. ಅವಳು ತಲೆಗೆ ನೀರು ಹಾಕಿಕೊಳ್ಳುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಒಲೆ ಮುಂದೆ ನಿಲ್ಲುವ ಹಾಗಿಲ್ಲ, ಬಲಮಗ್ಗುಲಿಗೆ ಮಲಗುವ ಹಾಗಿಲ್ಲ.

ಟಿವಿ ವಿಷಯಕ್ಕೆ ಡಾಕ್ಟರ್ ಏನೂ ತಕರಾರು ಮಾಡಿರಲಿಲ್ಲ. ಎರಡು ದಿನ ಬಿಟ್ಟು ಸ್ವಲ್ಪ ಸ್ವಲ್ಪ ನೋಡಬಹುದು ಎಂದಿದ್ದರು. ಆದರೆ ಸಂಜೆ ಎದುರು ಮನೆಯವರು ಮಾತಾಡಿಸಲು ಬಂದರು. ಅವರ ನಾದಿನಿ ಆಪರೇಷನ್ ಆದ ಮೂರನೇ ದಿನ ಧಾರಾವಾಹಿ ನೋಡಿ ಕಣ್ಣು ಕೆಂಡದ ಹಾಗೆ ಮಾಡಿಕೊಂಡ ಕಥೆ ಹೇಳಿದರು. ಹೋಗುವಾಗ ಬದನೆಕಾಯಿ ನಂಜು, ಕಡಲೆಕಾಯಿ ನಂಜು ಅಂತಲೂ ಸೇರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದ ನನ್ನ ಅಮ್ಮ ಡಾಕ್ಟರ್ ಮಾತು ಬಿಟ್ಟು ಎದುರು ಮನೆಯವರ ಮಾತು ಹಿಡಿದಳು. ಎಡಗಣ್ಣಲ್ಲಿ ನೋಡು ಅಂದರೆ ಅದಕ್ಕೂ ಒಪ್ಪಲಿಲ್ಲ. "ಒಂದು ಕಣ್ಣು ಆಡಿದ್ರೆ ಇನ್ನೊಂದೂ ಅದರ ಜೊತೆ ಆಡತ್ತೆ. ಎಂಟು ದಿನ ಎರಡೂ ಸುಮ್ನಿರ್ಲಿ." ಇದರಲ್ಲಿ ವಿಜ್ಞಾನ ಇತ್ತು. ನಾನು ಸುಮ್ಮನಾದೆ.

ಭಾನುವಾರ ಬೆಳಗ್ಗೆ ಪಟ್ಟಿ ತೆಗೆದು ಕಪ್ಪು ಕನ್ನಡಕ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅಮ್ಮನಿಗೆ ಕೂತು ಕೂತು ಸಾಕಾಗಿತ್ತು.

"ಏನಾದ್ರೂ ಹಾಕೋ, ಕೇಳ್ತೀನಿ."

"ಹಾಡು ಹಾಕ್ಲಾ?"

"ಹಾಡು ಬೇಡ. ಸಿನಿಮಾ ಹಾಕು."

ಕಣ್ಣು ಮುಚ್ಚಿಕೊಂಡು ಸಿನಿಮಾ ಕೇಳುವುದು ಹೇಗೆ ಅಂತ ನಗು ಬಂತು. ಆದರೂ ಟಿವಿಯಲ್ಲಿ ಯೂಟ್ಯೂಬ್ ತೆರೆದು 'ಬಂಗಾರದ ಮನುಷ್ಯ' ಹಾಕಿದೆ. ಅಮ್ಮ ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, ಹರಿಕಥೆಗೆ ಕೂತವರ ಹಾಗೆ ಕೂತಳು.

ಹತ್ತು ನಿಮಿಷದಲ್ಲಿ ಗೊತ್ತಾಯಿತು. ಈ ಸಿನಿಮಾಕ್ಕೆ ಕಣ್ಣು ಬೇಕಾಗಿಯೇ ಇಲ್ಲ. ಯಾರು ಬಂದರು, ಯಾರು ಹೋದರು, ಯಾರು ಯಾರಿಗೆ ಏನಾಗಬೇಕು, ಎಲ್ಲ ಮಾತಿನಲ್ಲೇ ಬಂದುಬಿಡುತ್ತದೆ. ಯಾರಾದರೂ ಬಾಗಿಲಿಗೆ ಬಂದರೆ ಮೊದಲು ಹೆಸರು ಹಿಡಿದು ಕರೆಯುತ್ತಾರೆ. ಅಳುವವರು ಯಾಕೆ ಅಳುತ್ತಿದ್ದೇನೆ ಅಂತ ಹೇಳಿಯೇ ಅಳುತ್ತಾರೆ. ಮೊದಲೆಲ್ಲ ಇದನ್ನು ನಾನು ಹಳೆ ಸಿನಿಮಾಗಳ ದೋಷ ಅಂದುಕೊಂಡಿದ್ದೆ. ಅವರೆಲ್ಲ ಎಲ್ಲಿಂದ ಬಂದವರು ನೋಡಿ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಮೂವರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. ಹಿಂದಿನ ದಿನ ತುಮಕೂರಿನಿಂದ ಬರುವಾಗ ಆ ಗುಬ್ಬಿಯನ್ನು ದಾಟಿಕೊಂಡೇ ಬಂದಿದ್ದೆವು. ನರಸಿಂಹರಾಜು ಅವರಂತೂ ನಮ್ಮ ತಿಪಟೂರಿನವರೇ. ಕೊನೆಯ ಸಾಲಿನ ನಾಲ್ಕಾಣೆ ಗಿರಾಕಿಗೂ ಮಾತು ತಲುಪಬೇಕು ಅನ್ನುವುದು ಅವರ ನಾಲಿಗೆಗೆ ಅಂಟಿಕೊಂಡ ಪಾಠ. 68 ವರ್ಷದ, ಕಣ್ಣು ಮುಚ್ಚಿಕೊಂಡ ನನ್ನ ಅಮ್ಮನಿಗೂ ತಲುಪಿತು.

ಬಾಲಕೃಷ್ಣ ಮಾಡಿದ ರಾಚೂಟಪ್ಪನ ಮಾತು ಬಂದಾಗ ಅಮ್ಮ ನಕ್ಕಳು. "ಬಾಲಣ್ಣಂಗೆ ಕಿವಿ ಕೇಳ್ತಿರ್ಲಿಲ್ಲ, ಗೊತ್ತಾ ನಿಂಗೆ?" ಗೊತ್ತಿತ್ತು. ಎದುರಿಗಿರುವವರ ತುಟಿ ನೋಡಿಕೊಂಡೇ ಅವರು ಸರಿಯಾದ ಹೊತ್ತಿಗೆ ಮಾತು ಒಪ್ಪಿಸುತ್ತಿದ್ದರಂತೆ. ಕಿವಿ ಕೇಳಿಸದ ನಟನ ಮಾತಿಗೆ ಕಣ್ಣು ಮುಚ್ಚಿಕೊಂಡ ಅಮ್ಮ ನಗುತ್ತಿದ್ದಳು.

'ನಗುನಗುತಾ ನಲಿ ನಲಿ' ಶುರುವಾಯಿತು. ಅಮ್ಮ ಇದ್ದಕ್ಕಿದ್ದ ಹಾಗೆ ಹುಬ್ಬು ಮೇಲೆತ್ತಿದಳು. "ಕಣ್ಣು ಮುಚ್ಕೊಂಡ್ರೆ ಗೊತ್ತಾಗತ್ತೆ ಕಣೋ. ಮಾತಾಡೋರೊಬ್ರು, ಹಾಡೋರೊಬ್ರು." ಹಾಡಿದ್ದು ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ತಮ್ಮ ಹಾಡನ್ನು ಖಾಯಮ್ಮಾಗಿ ತಾವೇ ಹಾಡಲು ಶುರುಮಾಡಿದ್ದು ಇದಾದ ಮೇಲೆ, 1974ರ 'ಸಂಪತ್ತಿಗೆ ಸವಾಲ್'ನಿಂದ. ಇದೆಲ್ಲ ನನಗೂ ಗೊತ್ತಿದ್ದದ್ದೇ. ಆದರೆ ಎರಡು ಗಂಟಲಿನ ನಡುವಿನ ಆ ಗೆರೆ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಪರದೆಯ ಮೇಲೆ ತುಟಿ ಅಲ್ಲಾಡುತ್ತಿದ್ದರೆ ಕಿವಿ ತಾನಾಗೇ ಒಪ್ಪಿಕೊಂಡುಬಿಡುತ್ತದೆ.

ಮಧ್ಯೆ ಮಧ್ಯೆ ಜಾಹೀರಾತು. ಒಂದು ಹಾಡಿನ ಚರಣಕ್ಕೂ ಇನ್ನೊಂದು ಚರಣಕ್ಕೂ ನಡುವೆ ಯಾರೋ ಬಂದು ಸಾಲ ಬೇಕಾ ಅಂತ ಕೇಳುತ್ತಾನೆ. ಮೊದಲ ಸಲ ಅಮ್ಮ ಅವನನ್ನೂ ಸಿನಿಮಾದ ಪಾತ್ರ ಅಂದುಕೊಂಡಳು. "ಇವನ್ಯಾರೋ ಹೊಸಬ?"

ಕೊನೆಯಲ್ಲಿ ರಾಜ್‌ಕುಮಾರ್ ಮಾಡಿದ ರಾಜೀವ ಒಂದು ಮಾತಿಗೆ ಮನೆ ಬಿಟ್ಟು ಹೊರಟುಬಿಡುತ್ತಾನೆ. ಮಾತು ನಿಂತು ಬರೀ ಸಂಗೀತ ಕೇಳತೊಡಗಿದಾಗ ಅಮ್ಮ ಮೆಲ್ಲಗೆ ಕೇಳಿದಳು.

"ನಡ್ಕೊಂಡು ಹೋಗ್ತಿದಾರಾ?"

"ಹೂಂ."

"ಒಬ್ರೇನಾ?"

"ಒಬ್ರೇ."

ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ಇದನ್ನು ಟೆಂಟಿನಲ್ಲಿ ನೋಡಿದ್ದಳಂತೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಇದು 1972ರಿಂದ ಎರಡು ವರ್ಷ ಓಡಿತ್ತು. ನಮ್ಮ ಕಡೆಯ ಟೆಂಟುಗಳಿಗೆ ಆಮೇಲೂ ಎಷ್ಟೋ ವರ್ಷ ಬರುತ್ತಲೇ ಇತ್ತು. 'ನಮೋ ವೆಂಕಟೇಶ' ಹಾಡು ಕೇಳಿಸಿದರೆ ಆಟ ಶುರುವಾಗುತ್ತದೆ ಅಂತ ಅರ್ಥ. ಅಪ್ಪ ಮರಳು ಗುಡ್ಡೆ ಮಾಡಿ ಅದರ ಮೇಲೆ ಟವೆಲ್ ಹಾಸಿ ಕೂರಿಸಿದ್ದರಂತೆ. ಮುಂದೆ ಕೂತವನೂ ಹಾಗೇ ಗುಡ್ಡೆ ಮಾಡಿಕೊಂಡಿದ್ದರಿಂದ ಅರ್ಧ ಸಿನಿಮಾ ಅವನ ತಲೆಯನ್ನೇ ನೋಡಿದಳಂತೆ.

ಸೋಮವಾರ 'ಶರಪಂಜರ'. ಇದು ಅಮ್ಮನ ಆಯ್ಕೆ. ನನಗೆ ಪುಟ್ಟಣ್ಣ ಕಣಗಾಲರ ಸಿನಿಮಾ ಅಂದರೆ ಸ್ವಲ್ಪ ಅಳುಕು. ಎಲ್ಲ ಭಾವನೆಗೂ ಕ್ಯಾಮೆರಾ ದಡಕ್ಕನೆ ಮುಖಕ್ಕೆ ನುಗ್ಗುತ್ತದೆ. ಅಮ್ಮನಿಗೆ ಆ ಕಾಟ ಇರಲಿಲ್ಲ ನೋಡಿ. ಅವಳು ಕೇಳಿದ್ದು ಬೇರೆ ಸಿನಿಮಾ.

ಕಥೆ ಅವಳಿಗೆ ಬಾಯಿಪಾಠ. ತ್ರಿವೇಣಿಯವರ ಕಾದಂಬರಿಗಳನ್ನು ಹುಡುಗಿಯಾಗಿದ್ದಾಗ ಲೈಬ್ರರಿಯಿಂದ ತಂದು, ಪಠ್ಯಪುಸ್ತಕದ ಒಳಗಿಟ್ಟು ಓದಿದವಳು. "ಪಾಪ, 63ರಲ್ಲೇ ಹೋಗ್ಬಿಟ್ರು. ತಮ್ಮ ಕಥೆ ಒಂದಾದ್ರೂ ಸಿನಿಮಾ ಆಗಿದ್ದು ನೋಡ್ಲಿಲ್ಲ" ಎಂದಳು. ಪುಟ್ಟಣ್ಣ 'ಬೆಳ್ಳಿಮೋಡ' ಮಾಡಿದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ.

ಹೆರಿಗೆಯಾದ ಮೇಲೆ, ಕಲ್ಪನಾ ಮಾಡಿದ ಕಾವೇರಿಗೆ ಬುದ್ಧಿ ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯಲ್ಲಿ ಯಾರೂ ಅವಳನ್ನು ವಾಸಿಯಾದವಳು ಅಂತ ನಂಬುವುದಿಲ್ಲ. ನಾನು ಮೊದಲು ನೋಡಿದಾಗ ಇದನ್ನು ಕಲ್ಪನಾ ಅವರ ನಟನೆಯ ಸಿನಿಮಾ ಅಂತಷ್ಟೇ ನೋಡಿದ್ದೆ. ಈ ಸಲ ಅಮ್ಮ ಪ್ರತಿ ಎರಡು ನಿಮಿಷಕ್ಕೆ ಒಂದು ಪ್ರಶ್ನೆ ಕೇಳುತ್ತಿದ್ದಳು. "ಈಗ ಯಾರು ನೋಡ್ತಿದಾರೆ ಅವಳನ್ನ? ಹೇಗೆ ನೋಡ್ತಿದಾರೆ?" ಅದಕ್ಕೆ ಉತ್ತರ ಕೊಡಬೇಕಾದರೆ ನಾನು ಕಲ್ಪನಾರನ್ನು ಬಿಟ್ಟು ಸುತ್ತ ಇದ್ದವರ ಮುಖ ನೋಡಬೇಕಾಯಿತು. ಅಲ್ಲಿತ್ತು ಸಿನಿಮಾ. ಪಕ್ಕದಲ್ಲಿ ನಿಂತವರು, ಬಾಗಿಲಲ್ಲಿ ನಿಂತವರು, ಮಾತಾಡುತ್ತಲೇ ಒಂದು ಕಣ್ಣು ಅವಳ ಮೇಲಿಟ್ಟವರು.

"ನಮ್ಮಲ್ಲಿ ಬಾಣಂತಿ ಸನ್ನಿ ಅಂತಿದ್ರು" ಅಂದಳು ಅಮ್ಮ. "ಕೋಣೆ ಕತ್ತಲೆ ಮಾಡಿ, ಕಿವಿಗೆ ಹತ್ತಿ ಇಟ್ಟು ಮಲಗ್ಸೋರು. ಹೊಟ್ಟೆನೋವಿಗೆ ಔಷಧಿ ಕೊಟ್ಟು ವಾಸಿ ಆದ್ಮೇಲೆ ಯಾರೂ ಅದ್ರ ವಿಷ್ಯ ಎತ್ತಲ್ಲ. ಇದಕ್ಕೆ ಮಾತ್ರ ಹುಟ್ಟಿದ ಮಗು ಮದುವೆ ಆಗೋವರೆಗೂ ಹೇಳೋರು."

ಕೊನೆಯ ಭಾಗದಲ್ಲಿ ಕಲ್ಪನಾ ಅವರ ಅರಚಾಟ ಜಾಸ್ತಿಯಾಯಿತು ಅಂತ ನಾನು ಗೊಣಗಿದೆ. ನನಗೆ ಈಗಲೂ ಹಾಗೇ ಅನ್ನಿಸುತ್ತದೆ. ಅಮ್ಮ ಒಪ್ಪಲಿಲ್ಲ. "ಅರಚಲೇಬೇಕು ಕಣೋ. ಅಲ್ಲಿವರೆಗೂ ಎಲ್ರೂ ಪಿಸಪಿಸ ಅಂತ್ಲೇ ಮಾತಾಡಿದಾರೆ. ನೀನು ಕೇಳಿಸ್ಕೊಂಡಿಲ್ಲ."

ಅವತ್ತು ರಾತ್ರಿ ಡ್ರಾಪ್ಸ್ ಹಾಕುವಾಗ ಇನ್ನೊಂದು ವಿಷಯ ಗೊತ್ತಾಯಿತು. ನಿಂಗೆ ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳಕ್ಕೆ ಹೇಗೆ ಬರತ್ತೆ ಅಂತ ಕೇಳಿದ್ದೆ.

"ಇನ್ನೇನು ಮತ್ತೆ? ನಾನು ಯಾವ ಸಿನಿಮಾ ಪೂರ್ತಿ ನೋಡಿದೀನಿ ಹೇಳು."

ನಾನು ಚಿಕ್ಕವನಿದ್ದಾಗ ದೂರದರ್ಶನದಲ್ಲಿ ವಾರಕ್ಕೊಂದು ಕನ್ನಡ ಸಿನಿಮಾ ಬರುತ್ತಿತ್ತು. ಅಕ್ಕಪಕ್ಕದ ಮನೆಯವರೂ ನಮ್ಮಲ್ಲಿಗೇ ಬರುತ್ತಿದ್ದರು. ಅಪ್ಪ ಕುರ್ಚಿಯಲ್ಲಿ, ನಾವೆಲ್ಲ ಚಾಪೆಯ ಮೇಲೆ. ಅಮ್ಮ ಎಲ್ಲಿರುತ್ತಿದ್ದಳು? ನೆನಪಿಸಿಕೊಂಡೆ. ಅಡುಗೆಮನೆಯಲ್ಲಿ. ಎಲ್ಲರಿಗೂ ಕಾಫಿ, ಆಮೇಲೆ ರಾತ್ರಿ ಅಡುಗೆ, ನಾಳೆಗೆ ಹಿಟ್ಟು ರುಬ್ಬುವುದು. ಹಾಡು ಬಂದಾಗ ಬಾಗಿಲ ಹತ್ತಿರ ಬಂದು ಸೆರಗಿಗೆ ಕೈ ಒರೆಸಿಕೊಂಡು ನಿಲ್ಲುತ್ತಿದ್ದಳು. ಹಾಡು ಮುಗಿದರೆ ಒಳಗೆ. ಸಾಯುವ ದೃಶ್ಯಕ್ಕೆ ಮಾತ್ರ ಬಂದು ಒಂದು ಗಳಿಗೆ ಕೂರುತ್ತಿದ್ದಳು. ಸಂಗೀತ ಕೇಳಿಯೇ ಯಾರೋ ಸಾಯುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಎಷ್ಟೋ ವರ್ಷ ಅವಳು ಸಿನಿಮಾಗಳನ್ನು ಕೇಳಿಯೇ ಕಳೆದಿದ್ದಾಳೆ.

ಮಂಗಳವಾರ ನಾನು ತಪ್ಪು ಮಾಡಿದೆ. ಅಥವಾ ತಪ್ಪಲ್ಲವೇನೋ. ನನಗೆ ಬಹಳ ದಿನದಿಂದ 'ಘಟಶ್ರಾದ್ಧ' ಇನ್ನೊಮ್ಮೆ ನೋಡಬೇಕು ಅಂತಿತ್ತು. ಅಮ್ಮ ನೋಡಿರಲೇ ಇಲ್ಲ. ಇಂಥ ಸಿನಿಮಾ ನಮ್ಮೂರಿನ ಟೆಂಟಿಗೆ ಬರಲಿಲ್ಲ. 1977ರದ್ದು. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ. ಪುಣೆಯಲ್ಲಿ ಓದು ಮುಗಿಸಿದ 26-27 ವರ್ಷದ ಹುಡುಗ ಅನಂತಮೂರ್ತಿಯವರ ಕಥೆ ಹಿಡಿದು ಮಾಡಿದ ಈ ಕಪ್ಪು-ಬಿಳುಪು ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. 2024ರಲ್ಲಿ ಇದನ್ನು ಹೊಸದಾಗಿ ಶುಚಿ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ನನಗೆ ಸಿಕ್ಕಿದ್ದು ಆ ಪ್ರತಿ ಅಲ್ಲ. ಮಂಜು ಮಂಜಾದ, ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಗುರುತು ಕೂತ ಹಳೆ ಪ್ರತಿ. ಅಮ್ಮನಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ.

ತೊಂದರೆಯಾಗಿದ್ದು ಬೇರೆ. ಐದು ನಿಮಿಷಕ್ಕೇ ಅಮ್ಮ ಕೇಳಿದಳು, "ಸೌಂಡ್ ಹೋಯ್ತಾ?"

ಹೋಗಿರಲಿಲ್ಲ. ಪರದೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅಷ್ಟೇ.

ಇದು ಕಣ್ಣಿನ ಸಿನಿಮಾ. ಇಲ್ಲಿ ಯಾರೂ ಬಂದು ನಾನು ಇಂಥವನು ಅನ್ನುವುದಿಲ್ಲ. ಹಾಗಾಗಿ ನಾನು ಹೇಳತೊಡಗಿದೆ. ಮೊದಲು ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳಿದೆ. ಮಲೆನಾಡಿನ ಮನೆ. ಒಬ್ಬ ಸಣ್ಣ ಹುಡುಗನನ್ನು ವೇದ ಕಲಿಯಲು ಉಡುಪರ ಮನೆಗೆ ತಂದು ಬಿಟ್ಟಿದ್ದಾರೆ. ನಾಣಿ ಅಂತ. ದೊಡ್ಡ ಹುಡುಗರು ಅವನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಉಡುಪರ ಮಗಳು ಯಮುನಾ ವಿಧವೆ. ಅವಳೊಬ್ಬಳೇ ಹುಡುಗನನ್ನು ಹತ್ತಿರ ಕರೆದುಕೊಳ್ಳುತ್ತಾಳೆ.

"ಹುಡುಗ ಏನು ಮಾಡ್ತಿದಾನೆ?"

"ನೋಡ್ತಿದಾನೆ."

"ಏನನ್ನ?"

"ಅವಳನ್ನ."

"ಈಗ?"

"ಈಗಲೂ ನೋಡ್ತಿದಾನೆ ಅಮ್ಮ."

ಹೀಗೆ ಒಂದು ಹತ್ತು ಸಲ ಆಯಿತು. ಆಮೇಲೆ ನನಗೆ ತಟ್ಟಿತು. ಇಡೀ ಸಿನಿಮಾದಲ್ಲಿ ಆ ಹುಡುಗ ಮಾಡುವ ದೊಡ್ಡ ಕೆಲಸ ನೋಡುವುದೇ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ನಾವೂ ಅವನ ಜೊತೆ ಅಷ್ಟೇ ನೋಡುತ್ತೇವೆ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಯಾವುದನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ಎರಡು ಸಲ ನೋಡಿದ್ದರೂ ನನಗೆ ಇದನ್ನು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಅಮ್ಮನಿಗೆ ಹೇಳಬೇಕಾಗಿ ಬಂದಾಗಲೇ ಬಾಯಿಗೆ ಬಂತು.

ಯಮುನಾ ಬಸುರಿ ಅನ್ನುವುದನ್ನು ನಾನು ಹೇಳಲಿಲ್ಲ. ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮನೇ, "ಎಷ್ಟು ತಿಂಗಳು?" ಅಂದಳು. ಯಾವ ಮಾತಿನಿಂದ ತಿಳಿದಳೋ! ಬಿ.ವಿ. ಕಾರಂತರ ಸಂಗೀತದ ಒಂದು ಎಳೆಯಿಂದಲೋ, ಯಾರೋ ಮಾತು ನಿಲ್ಲಿಸಿದ ರೀತಿಯಿಂದಲೋ.

ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುವ ಜಾಗ ಬಂತು. ಮಡಕೆ ಒಡೆಯುತ್ತಾರೆ. ಅಲ್ಲಿಗೆ ಅವಳು ಸತ್ತಂತೆ, ಕುಲದಿಂದ ಹೊರಗೆ. ನಾನು ನಿಧಾನವಾಗಿ, ಒಂದೊಂದೇ ಹೇಳಿದೆ. ಅಮ್ಮ ತಲೆ ಅಲ್ಲಾಡಿಸಿದಳು.

ಕೊನೆಯ ದೃಶ್ಯ. ನಾಣಿಯನ್ನು ಅವನ ಅಪ್ಪ ಬಂದು ಕರೆದುಕೊಂಡು ಹೋಗುತ್ತಿದ್ದಾನೆ. ಹೋಗುವಾಗ ಹುಡುಗ ಯಮುನಕ್ಕನನ್ನು ನೋಡುತ್ತಾನೆ.

ನಾನು ಸುಮ್ಮನಾದೆ.

"ಹೇಳೋ."

"ಮರದ ಕೆಳಗೆ ಕೂತಿದಾಳೆ."

"ಮತ್ತೆ?"

"ತಲೆ ಬೋಳಿಸಿದಾರೆ."

ಇದೇ ದೃಶ್ಯವನ್ನು ಎರಡು ಸಲ ನೋಡಿದ್ದೆ. ಕಣ್ಣು ಒದ್ದೆಯಾಗಿರಲಿಲ್ಲ. ಎರಡು ಶಬ್ದ ಬಾಯಿಂದ ಹೊರಗೆ ಹಾಕುವಾಗ ಗಂಟಲು ಕಟ್ಟಿತು. ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಲು ಹೋದಳು. ನಾನು ಹಾರಿ ಹೋಗಿ ಕೈ ಹಿಡಿದೆ. ಆಪರೇಷನ್ ಆದ ಕಣ್ಣು, ಮುಟ್ಟುವ ಹಾಗಿಲ್ಲ. ಹತ್ತಿ ತಂದು ಕೆನ್ನೆ ಮಾತ್ರ ಒರೆಸಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತಾಡಿದಳು. ಅವಳ ಅಜ್ಜಿಯ ಊರಲ್ಲಿ ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದರಂತೆ. ಕೆಂಪು ಸೀರೆ, ಬೋಳು ತಲೆ, ತಲೆ ತುಂಬ ಸೆರಗು. ಮಕ್ಕಳಿಗೆಲ್ಲ ಅವರೆಂದರೆ ತಮಾಷೆ. ಅವರು ಮಡಿಯಲ್ಲಿದ್ದಾಗ ಮುಟ್ಟಿ ಓಡುವುದು ಒಂದು ಆಟ. "ನಾನೂ ಮುಟ್ಟಿ ಓಡಿದೀನಿ. ಪಾಪ, ಅವ್ರು ಚಳೀಲಿ ಮತ್ತೆ ಸ್ನಾನ ಮಾಡೋರು." ಅಮ್ಮ ಅವರ ಹೆಸರು ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಊಟ ಮಾಡುವಾಗಲೂ ನೆನಪು ಮಾಡಿಕೊಳ್ಳುತ್ತಿದ್ದಳು. ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದರಂತೆ. ಲೆಕ್ಕ ಹಾಕಿದರೆ ಅವರಿಗೆ ಆಗ ಐವತ್ತೂ ಆಗಿರಲಿಕ್ಕಿಲ್ಲ.

ಬುಧವಾರ ನಗುವ ಸಿನಿಮಾ ಬೇಕು ಅಂತ ಅಪ್ಪಣೆಯಾಯಿತು. 'ಗಣೇಶನ ಮದುವೆ' ಹಾಕಿದೆ. ಒಂದೇ ವಠಾರದಲ್ಲಿ ಹಾವು-ಮುಂಗುಸಿಯ ಹಾಗೆ ಕಿತ್ತಾಡುವ ಇಬ್ಬರು, ಬೇರೆ ಹೆಸರಿನಲ್ಲಿ ಒಬ್ಬರಿಗೊಬ್ಬರು ಪತ್ರ ಬರೆದುಕೊಂಡು ಪ್ರೀತಿಸುತ್ತಿರುತ್ತಾರೆ. ಅನಂತ್ ನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು. 1990ರದ್ದು. ನಾನು ಬಾಯಿ ಬಿಡಬೇಕಾಗಲಿಲ್ಲ. ಅನಂತ್ ನಾಗ್ ಮಾತಾಡುವ ಧಾಟಿ ಒಂದೇ ಸಾಕು. ಅರ್ಧಕ್ಕೆ ಕರೆಂಟು ಹೋಯಿತು. ಮಳೆಗಾಳಿಗೆ ಎಲ್ಲೋ ತೆಂಗಿನ ಗರಿ ತಂತಿಯ ಮೇಲೆ ಬಿದ್ದಿರಬೇಕು. ಅಮ್ಮನಿಗೆ ಕರೆಂಟು ಹೋದದ್ದು ಗೊತ್ತಾಗಲಿಲ್ಲ. ಇದೂ ಕಾಸರವಳ್ಳಿಯವರ ತರ ಮೌನದ ಜಾಗ ಅಂದುಕೊಂಡು ಸುಮ್ಮನೆ ಕೂತಿದ್ದಳು. "ಏನಾಗ್ತಿದೆ ಹೇಳೋ" ಅಂದಳು. ಏನೂ ಆಗ್ತಿಲ್ಲ, ಕರೆಂಟು ಹೋಗಿದೆ ಅಂದೆ. ಅವತ್ತು ಸಿನಿಮಾಕ್ಕಿಂತ ಇದಕ್ಕೇ ಜಾಸ್ತಿ ನಕ್ಕೆವು.

ಗುರುವಾರದ 'ಒಂದು ಮೊಟ್ಟೆಯ ಕಥೆ'ಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರದ್ದು, ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ್ದು. ಮಂಗಳೂರಿನ ಒಬ್ಬ ಬೋಳುತಲೆಯ ಕನ್ನಡ ಲೆಕ್ಚರರ್ ಹೆಣ್ಣು ಹುಡುಕುವ ಕಥೆ. ಅವನು ರಾಜ್‌ಕುಮಾರ್ ಭಕ್ತ ಬೇರೆ. ಅಮ್ಮನಿಗೆ ಕಥೆಗಿಂತ ಮಂಗಳೂರು ಕನ್ನಡ ಇಷ್ಟವಾಯಿತು. ಎಷ್ಟು ಸ್ಪಷ್ಟವಾಗಿ, ಅಕ್ಷರ ನುಂಗದೆ ಮಾತಾಡ್ತಾರೆ ಅಂತ ಟೀಚರಮ್ಮ ಮೆಚ್ಚಿಕೊಂಡಳು. ಹುಡುಗ ನೋಡಕ್ಕೆ ಹೇಗಿದಾನೆ ಅಂತ ಕೇಳಿದಳು. ನನ್ನ ಹಾಗೇ ಇದಾನೆ ಅಂದೆ. "ಹಾಗಾದ್ರೆ ಚೆನ್ನಾಗೇ ಇದಾನೆ." ನನ್ನ ನೆತ್ತಿ ಖಾಲಿಯಾಗಿ ಏಳೆಂಟು ವರ್ಷವಾಯಿತು. ಅಮ್ಮನಿಗೆ ಪೊರೆ ಬಂದು ಎಷ್ಟು ವರ್ಷವಾಗಿತ್ತೋ ಅಂತ ಅನುಮಾನ ಬಂತು.

ಶುಕ್ರವಾರ ನಿಯಮ ಮುರಿಯಿತು. ಅದಕ್ಕೆ ಕಾರಣ ಐವತ್ತು ವರ್ಷ ಹಳೆಯ ಒಂದು ಸಿಟ್ಟು.

ಅಮ್ಮನ ತವರು ಚಿಕ್ಕಮಗಳೂರಿನ ಕಡೆ, ಕಳಸಾಪುರಕ್ಕೆ ನಾಲ್ಕೈದು ಮೈಲಿ. 'ಭೂತಯ್ಯನ ಮಗ ಅಯ್ಯು' ಚಿತ್ರೀಕರಣ ಆಗಿದ್ದು ಆ ಕಳಸಾಪುರದಲ್ಲಿ. ಸಿನಿಮಾ ಬಂದದ್ದು 1974ರಲ್ಲಿ. ಆಗ ಅಮ್ಮನಿಗೆ ಹದಿನಾರು ಹದಿನೇಳು. ಶೂಟಿಂಗ್ ನಡೆಯುತ್ತಿದೆ ಅಂತ ಸುದ್ದಿ ಬಂದಾಗ ಅಣ್ಣಂದಿರು ಗಾಡಿ ಕಟ್ಟಿಕೊಂಡು ಹೋದರು. ಇವಳೂ ಬರುತ್ತೇನೆ ಅಂದಳು. ದೊಡ್ಡ ಹುಡುಗಿ, ಜನಜಂಗುಳಿ, ಬೇಡ ಅಂದರಂತೆ. ಅಣ್ಣಂದಿರು ವಾಪಸು ಬಂದು ವಿಷ್ಣುವರ್ಧನ್ ಹೀಗೆ ನಿಂತಿದ್ರು, ಲೋಕೇಶ್ ಹಾಗೆ ಬೀಡಿ ಸೇದ್ತಿದ್ರು ಅಂತ ತಿಂಗಳುಗಟ್ಟಲೆ ಕೊಚ್ಚಿಕೊಂಡರು. ಇವಳು ಅದನ್ನೂ ಕೇಳಿದ್ದೇ. ಸಿನಿಮಾ ಬಂದಾಗಲೂ ಹಟ ಹಿಡಿದು ನೋಡಲಿಲ್ಲ. ಆಮೇಲೆ ಟಿವಿಯಲ್ಲಿ ಬಂದಾಗ, ಗೊತ್ತಲ್ಲ, ಅಡುಗೆಮನೆ.

ಸಿದ್ದಲಿಂಗಯ್ಯನವರ ಸಿನಿಮಾ. ಅದೇ 'ಬಂಗಾರದ ಮನುಷ್ಯ' ಮಾಡಿದವರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದಿಂದ ಹುಟ್ಟಿದ ಕಥೆ. ನನಗೆ ಕೇಳಿದರೆ ಎರಡರಲ್ಲಿ ಇದೇ ದೊಡ್ಡ ಸಿನಿಮಾ. 'ಬಂಗಾರದ ಮನುಷ್ಯ'ನಲ್ಲಿ ಒಬ್ಬನೇ ಒಳ್ಳೆಯವನು, ಊರೆಲ್ಲ ಅವನ ಹಿಂದೆ. ಇಲ್ಲಿ ಇಡೀ ಊರೇ ಪಾತ್ರ, ಯಾರೂ ಪೂರ್ತಿ ಒಳ್ಳೆಯವರಲ್ಲ. ಎಂ.ಪಿ. ಶಂಕರ್ ಮಾಡಿದ ಭೂತಯ್ಯ ಸತ್ತಾಗ ಹೆಣ ಹೊರಲು ಊರಿನ ಒಬ್ಬನೂ ಬರುವುದಿಲ್ಲ. ಅಪ್ಪನ ಹೆಣದ ಮುಂದೆ ಕೂತ ಅಯ್ಯುವಿನ ಮುಖದಲ್ಲಿ ದುಃಖ ಎಷ್ಟು, ಸಿಟ್ಟು ಎಷ್ಟು ಅಂತ ಬೇರೆ ಮಾಡಿ ಹೇಳಲು ನನ್ನಿಂದಾಗಲಿಲ್ಲ. ಲೋಕೇಶ್ ಅಂಥ ನಟ.

ನಾನು ಹೇಳುತ್ತಾ ಹೋಗುತ್ತಿದ್ದೆ. ಊರಿನ ಬೀದಿ, ಹೆಂಚಿನ ಮನೆ, ಜಗಲಿ, ಹಿಂದೆ ಬೆಟ್ಟ. ಅಮ್ಮ ತಡೆದಳು.

"ಬೆಟ್ಟ ಎಲ್ಲಿದೆ? ಎಡಕ್ಕಾ ಬಲಕ್ಕಾ?"

"ಹಿಂದೆ."

"ಹಿಂದೆ ಅಂದ್ರೆ ಯಾವ ಕಡೆ? ನಿಲ್ಸು."

ನಿಲ್ಲಿಸಿದೆ. ಅಮ್ಮ ಕಪ್ಪು ಕನ್ನಡಕ ಸ್ವಲ್ಪ ಕೆಳಗೆ ಜಾರಿಸಿದಳು. ಬಲಗಣ್ಣು, ಹೊಸ ಕಣ್ಣು, ಮೆಲ್ಲಗೆ ತೆರೆಯಿತು. ನಿಂತ ಚಿತ್ರವನ್ನು ಒಂದು ನಿಮಿಷ ನೋಡಿದಳು. ನನ್ನ ಕಡೆ ತಿರುಗಲಿಲ್ಲ.

"ನಮ್ಮೂರಿಂದ ಕಾಣೋ ಬೆಟ್ಟಾನೇ ಕಣೋ ಅದು. ಆ ಕಡೆಯಿಂದ."

ಆಮೇಲೆ ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು. ಪರದೆ ಬಿಟ್ಟು ಪಕ್ಕದ ಗೋಡೆ ನೋಡಿದಳು. ಮತ್ತೆ ಒಂದೊಂದೇ ಕಣ್ಣು ಮುಚ್ಚಿ ಅದೇ ಗೋಡೆ. "ಈ ಕಣ್ಣಲ್ಲಿ ಗೋಡೆ ಬೆಳ್ಳಗಿದೆ, ಒಂಚೂರು ನೀಲಿ. ಈ ಕಣ್ಣಲ್ಲಿ ಹಳದಿ. ಯಾವುದು ನಿಜ?" ಗೋಡೆಗೆ ಹೋದ ವರ್ಷ ನಾನೇ ಬಿಳಿ ಬಣ್ಣ ಹೊಡೆಸಿದ್ದೆ. ಎಷ್ಟೋ ವರ್ಷದಿಂದ ಪೊರೆ ಎಲ್ಲವನ್ನೂ ತುಸು ಹಳದಿ ಮಾಡಿ ತೋರಿಸುತ್ತಿತ್ತು, ನಿಧಾನವಾಗಿ ಬಂದದ್ದರಿಂದ ಅವಳಿಗೆ ತಿಳಿದಿರಲಿಲ್ಲ. ಹೋದ ವರ್ಷ ಬಣ್ಣದವನು ಮೋಸ ಮಾಡಿದ, ಬಿಳಿ ಅಂತ ಹೇಳಿ ಕೆನೆಬಣ್ಣ ಹೊಡೆದ ಅಂತ ಅವಳು ಅವನ ದುಡ್ಡಿನಲ್ಲಿ ಐನೂರು ಹಿಡಿದುಕೊಂಡಿದ್ದಳು. ಅದನ್ನು ಅವನಿಗೆ ಕೊಟ್ಟುಬಿಡು ಅಂತ ಅಲ್ಲೇ ಹೇಳಿದಳು.

ಮುಂದಿನದನ್ನು ಹತ್ತು ನಿಮಿಷ ನೋಡುವುದು, ಹತ್ತು ನಿಮಿಷ ಕೇಳುವುದು ಮಾಡಿದಳು. ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯಕ್ಕೆ ಎರಡು ಕಣ್ಣೂ ಬಿಟ್ಟಿದ್ದಳು. ಆ ಒಂದು ದೃಶ್ಯದಿಂದ ಅವರು ಸಾಯುವವರೆಗೂ 'ಉಪ್ಪಿನಕಾಯಿ ಲೋಕನಾಥ್' ಆಗಿಯೇ ಉಳಿದರು. ಪ್ರವಾಹದ ದೃಶ್ಯ ಬಂದಾಗ ಮಾತ್ರ ಮುಚ್ಚಿಕೊಂಡಳು. "ಇದು ಕೇಳಿದ್ರೇ ಸಾಕು." ನೀರಿನ ಆ ಮೊರೆತ ಅವಳಿಗೆ ಅಡುಗೆಮನೆಯ ದಿನಗಳಿಂದಲೇ ಗೊತ್ತಿತ್ತು.

ಸಿನಿಮಾ ಮುಗಿದ ಮೇಲೆ ಹಾಸನದಲ್ಲಿರುವ ದೊಡ್ಡ ಮಾವನಿಗೆ ಫೋನ್ ಮಾಡಿಸಿದಳು. "ನೋಡಿದೆ ಕಣಣ್ಣ. ನೀವು ಹೇಳಿದಷ್ಟೇನೂ ಇರ್ಲಿಲ್ಲ" ಅಂತ ಹೇಳಿ ಇಟ್ಟಳು. ಮಾವನಿಗೆ ಏನು ವಿಷಯ ಅಂತಲೇ ಗೊತ್ತಾಗದೆ, ಆಮೇಲೆ ನನಗೆ ಫೋನ್ ಮಾಡಿ ಅಮ್ಮ ಹುಷಾರಾಗಿದಾಳಾ ಅಂತ ವಿಚಾರಿಸಿದರು.

ಶನಿವಾರ ಬೆಳಗ್ಗೆ ಮತ್ತೆ ತುಮಕೂರು. ಗೋಡೆಯ ಮೇಲಿನ ಅಕ್ಷರಗಳನ್ನು ಅಮ್ಮ ಕೊನೆಯ ಸಾಲಿನವರೆಗೂ ಓದಿದಳು, ಕ್ಲಾಸಿನಲ್ಲಿ ಓದುವ ಹಾಗೆ ಗಟ್ಟಿಯಾಗಿ. ಡ್ರಾಪ್ಸ್ ಆರರಿಂದ ನಾಲ್ಕಕ್ಕೆ ಇಳಿಯಿತು. ಟಿವಿ ನೋಡಬಹುದಾ ಅಂತ ಅವಳೇ ಕೇಳಿದಳು. ಹೋದ ವಾರವೇ ಹೇಳಿದ್ದೆನಲ್ಲ ಅಂದರು ಡಾಕ್ಟರ್. ಅಮ್ಮ ನನ್ನ ಮುಖ ನೋಡಿದಳು, ನಾನೇ ಹೇಳಲಿಲ್ಲ ಅನ್ನುವ ಹಾಗೆ.

ಸಂಜೆ 'ತಿಥಿ' ಹಾಕಿದೆ. ರಾಮ್ ರೆಡ್ಡಿ ನಿರ್ದೇಶಿಸಿದ್ದು, ಈರೇಗೌಡರು ಬರೆದದ್ದು. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ತಗೊಂಡು ಆಮೇಲೆ ನಮ್ಮೂರಿಗೆ ಬಂತು. ಮಂಡ್ಯ ಕಡೆಯ ಹಳ್ಳಿಯ ಜನರೇ ಪಾತ್ರ ಮಾಡಿದ್ದಾರೆ, ನಟರು ಅಲ್ಲವೇ ಅಲ್ಲ. ಶುರುವಿನಲ್ಲೇ ಸೆಂಚುರಿ ಗೌಡ ಬೀದಿ ಬದಿ ಕೂತು ಹೋಗುವವರು ಬರುವವರಿಗೆಲ್ಲ ಬೈಯುತ್ತಾನೆ. ಟೀಚರಮ್ಮ ಕಿವಿ ಮುಚ್ಚಿಕೊಂಡಳು. "ಅಯ್ಯೋ, ಬಾಯೋ ಬಚ್ಚಲೋ!" ಈಗ ಕಣ್ಣು ಬಿಟ್ಟು ಕಿವಿ ಮುಚ್ಚಿಕೊಂಡು ನೋಡುತ್ತಿದ್ದಳು. ಮುದುಕ ಎದ್ದು ಎರಡು ಹೆಜ್ಜೆ ಹೋಗಿ ಬಿದ್ದು ಸತ್ತೇಹೋದಾಗ ಕೈ ಕೆಳಗಿಳಿಸಿದಳು. 101 ವರ್ಷ. ಹನ್ನೊಂದನೇ ದಿನಕ್ಕೆ ತಿಥಿ. ಅಲ್ಲಿಂದ ಸಿನಿಮಾ.

ನನಗೆ ಅಭ್ಯಾಸ ಆಗಿಹೋಗಿತ್ತು. ಗಡ್ಡಪ್ಪ ಪರದೆಗೆ ಬಂದ ಕೂಡಲೇ, "ಇವನು ಸತ್ತವನ ಮಗ, ಉದ್ದ ಗಡ್ಡ, ಕೈಯಲ್ಲಿ..." ಅಂತ ಶುರುಮಾಡಿದೆ.

"ನಂಗೆ ಕಾಣತ್ತೆ ಕಣೋ. ಸುಮ್ನಿರು."

ಸುಮ್ಮನಾದೆ. ಗಂಟೆ ಏಳಾಗಿತ್ತು. ಅವಳಿಗೆ ಎಂಟಕ್ಕೆ ಊಟ ಆಗಬೇಕು. ಎದ್ದು ಅಡುಗೆಮನೆಗೆ ಹೋದೆ. ಒಗ್ಗರಣೆಗೆ ಇಟ್ಟೆ, ಈರುಳ್ಳಿ ಹೆಚ್ಚಿದೆ. ಹಾಲಿನಿಂದ ಸಿನಿಮಾದ ಸದ್ದು ಬರುತ್ತಿತ್ತು. ಗಡ್ಡಪ್ಪನ ಮಗ ತಮ್ಮಣ್ಣ ಜಮೀನಿನ ವಿಷಯಕ್ಕೆ ಯಾರ ಜೊತೆಗೋ ಜಗಳ ಆಡುತ್ತಿದ್ದ. ಕುರಿಗಳ ಸದ್ದು. ಆಮೇಲೆ ಮಾತು ನಿಂತಿತು. ಚಪ್ಪಲಿ ಮಣ್ಣಿಗೆ ಉಜ್ಜುವ ಸದ್ದು ಮಾತ್ರ. ಬಹಳ ಹೊತ್ತು ಅಷ್ಟೇ. ಈರುಳ್ಳಿ ಬಾಡಿಸುತ್ತಾ ಕಿವಿ ಕೊಟ್ಟು ನಿಂತೆ. ಏನಾಗುತ್ತಿದೆ ಅಂತ ಗೊತ್ತಾಗಲಿಲ್ಲ.

"ಏನಾಯ್ತಮ್ಮ?" ಕೂಗಿದೆ.

"ಗಡ್ಡಪ್ಪ ನಡೀತಿದಾನೆ."

"ಎಲ್ಲಿಗೆ?"

"ಗೊತ್ತಿಲ್ಲ ಕಣೋ. ಸುಮ್ನೆ ನಡೀತಿದಾನೆ."